ಚಿಲಕ ಕೇಳಿದ ಬಾಗಿಲು

ಕಚೇರಿಯಲ್ಲಿ ಅವಳು ಎಲ್ಲರಿಗೂ ಅಕ್ಕ. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನಾದ ಲೆಕ್ಕ ಬರೆಯುವವನೂ ಅಕ್ಕ ಎಂದೇ ಕರೆಯುತ್ತಿದ್ದ. ಮೇಲಿನ ಮಹಡಿಯ ವಿಮಾ ಕಚೇರಿಯವರು ಮೆಟ್ಟಿಲಲ್ಲಿ ಎದುರಾದರೆ ಅವರ ಬಾಯಲ್ಲೂ ಅದೇ. ಕಟ್ಟಡಗಳ ನಕ್ಷೆ ಬರೆಯುವುದು ಅವಳ ಕೆಲಸ. ಇಳಿಜಾರು ಹಲಗೆಯ ಮುಂದೆ ನಿಂತು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದ, ತಪ್ಪಾದರೆ ಬ್ಲೇಡಿನ ತುದಿಯಿಂದ ಹೆರೆದು ತಿದ್ದುತ್ತಿದ್ದ ಕಾಲದಲ್ಲಿ ಸೇರಿದವಳು. ಕಂಪ್ಯೂಟರುಗಳು ಬಂದಾಗ ಜೊತೆಯವರು ಒಬ್ಬೊಬ್ಬರಾಗಿ ಬೇರೆ ದಾರಿ ನೋಡಿಕೊಂಡರು. ಇವಳು ಹೋಗಲಿಲ್ಲ. ಮೌಸ್ ಹಿಡಿದ ಅಂಗೈ ಬೆವರಿ ಜಾರುತ್ತಿದ್ದರೂ ಕರವಸ್ತ್ರಕ್ಕೆ ಒರೆಸಿಕೊಂಡು, ಒರೆಸಿಕೊಂಡು ಕಲಿತಳು.

ಗಾಬರಿ ಅವಳ ಹುಟ್ಟುಗುಣ. ಮನೆಯಿಂದ ಹೊರಟು ಬೀದಿಯ ತಿರುವಿನವರೆಗೆ ಹೋಗಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ಸು ಬರುವ ಪೈಕಿ. "ಆ ಗ್ಯಾಸಿಗೂ ನಿನ್ನ ಮುಖ ನೋಡಿ ನೋಡಿ ಸಾಕಾಗಿದೆ, ನೀನು ಬರೋದು ಕಂಡ್ರೆ ತಾನೇ ಆರಿಹೋಗುತ್ತೆ" ಎಂದು ಗಂಡ ಛೇಡಿಸುತ್ತಿದ್ದ. ಅವನದು ಹೊಲಿಗೆ ಯಂತ್ರ ರಿಪೇರಿ ಮಾಡುವ ಸಣ್ಣ ಅಂಗಡಿ. ಆದರೆ ಕಚೇರಿಯಲ್ಲಿ ಈ ಗುಣಕ್ಕೇ ಅವಳಿಗೆ ಬೆಲೆ. ಅಲ್ಲಿನ ಒಡತಿ, ಎಲ್ಲರೂ ಮೇಡಂ ಎನ್ನುವ ವಾಸ್ತುಶಿಲ್ಪಿ, ಅಕ್ಕ ಕಣ್ಣಾಡಿಸಿದ ನಕ್ಷೆಯನ್ನು ಮತ್ತೆ ನೋಡದೆ ಸಹಿ ಹಾಕುತ್ತಿದ್ದರು. "ಅಕ್ಕ ಹೆದರಿಕೊಂಡು ನೋಡ್ತಾಳೆ, ನಾನು ಧೈರ್ಯವಾಗಿ ಸಹಿ ಹಾಕ್ತೀನಿ" ಎನ್ನುವುದು ಅವರ ಮಾತು.

ಕೆಲವು ವರ್ಷಗಳ ಹಿಂದೆ ಅವಳ ಅತ್ತೆ ಸ್ನಾನದ ಮನೆಯಲ್ಲಿ ಕಾಲು ಜಾರಿ ಬಿದ್ದರು. ಬಿದ್ದದ್ದು ಬಾಗಿಲಿಗೆ ಅಡ್ಡವಾಗಿ. ಒಳಗಿನಿಂದ ಚಿಲಕ ಹಾಕಿರಲಿಲ್ಲ, ಆದರೆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಅವರ ಮಗ, ಇವಳ ಗಂಡ, ಹೊರಗಿನಿಂದ ತಳ್ಳಿದ. ಒಳಗಿನಿಂದ ತಾಯಿ ಕೂಗಿದರು. ಅವರು ಕೂಗಿದಷ್ಟೂ ಇವನಿಗೆ ಕೈಕಾಲು ಆಡದೆ ಇನ್ನೂ ಜೋರಾಗಿ ತಳ್ಳಿದ. ಸೊಂಟದ ಮೂಳೆ ಬಿದ್ದಾಗ ಮುರಿಯಿತೋ, ಮಗ ತಳ್ಳಿದಾಗ ಮುರಿಯಿತೋ, ಆಸ್ಪತ್ರೆಯವರು ಹೇಳಲಿಲ್ಲ, ಮನೆಯವರು ಕೇಳಲೂ ಇಲ್ಲ. ಅತ್ತೆ ಕೋಲು ಹಿಡಿದು ನಡೆಯುವಂತಾದ ಮೇಲೆ ಗಂಡ ಆ ಬಾಗಿಲನ್ನು ಕಿತ್ತು ಹೊರಕ್ಕೆ ತೆರೆಯುವಂತೆ ಹಾಕಿಸಿದ. ಈಗ ಅದು ತೆರೆದಾಗಲೆಲ್ಲ ಬಟ್ಟೆ ಒಗೆಯುವ ಯಂತ್ರಕ್ಕೆ ಢಬ್ ಎಂದು ಬಡಿಯುತ್ತದೆ. ಆ ಸದ್ದಿಗೆ ಮನೆಯಲ್ಲಿ ಯಾರೂ ಗೊಣಗುವುದಿಲ್ಲ.

ಅಕ್ಕನಿಗೆ ಅಂದಿನಿಂದ ಒಂದು ಕೊರಗು ಹತ್ತಿತು. ತಾನು ಇಷ್ಟು ವರ್ಷ ಬರೆದ ಸ್ನಾನದ ಮನೆಗಳಿಗೆಲ್ಲ ಬಾಗಿಲನ್ನು ಒಳಕ್ಕೇ ತೋರಿಸಿದ್ದಳು. ನಕ್ಷೆಯಲ್ಲಿ ಬಾಗಿಲೆಂದರೆ ಒಂದು ನೇರ ಗೆರೆ, ಅದು ಯಾವ ಕಡೆಗೆ ತೆರೆಯುತ್ತದೆಂದು ತೋರಿಸುವ ಒಂದು ಕಾಲುವೃತ್ತ. ಎಲ್ಲರೂ ಒಳಕ್ಕೆ ಬರೆಯುತ್ತಾರೆ, ತಾನೂ ಬರೆದಿದ್ದಳು. ಎಷ್ಟು ಮನೆಗಳಲ್ಲಿ ಯಾರ್ಯಾರು ಬಿದ್ದಿರಬಹುದು ಎಂದು ಯೋಚಿಸುತ್ತ ಕೂತರೆ ಕೈಯಲ್ಲಿದ್ದ ಚಹಾ ಆರಿಹೋಗುತ್ತಿತ್ತು.

ಅವಳು ಬಳಸುವ ವಿನ್ಯಾಸದ ಸಾಫ್ಟ್‌ವೇರ್‌ಗೆ ಇಂಟರ್ನೆಟ್ಟಿನಲ್ಲಿ ಒಂದು ಬಳಕೆದಾರರ ವೇದಿಕೆ ಇತ್ತು. ನಕ್ಷೆ ಬರೆಯುವವರು, ಎಂಜಿನಿಯರುಗಳು, ವಾಸ್ತುಶಿಲ್ಪಿಗಳು ಅಲ್ಲಿ ಸೇರಿ ಹೊಸ ಸೌಲಭ್ಯಗಳ ಬಗ್ಗೆ ಚರ್ಚಿಸುತ್ತಿದ್ದರು, ಏನು ಬೇಕೆಂದು ತಯಾರಕರನ್ನು ಕೇಳುತ್ತಿದ್ದರು, ಕೊಟ್ಟದ್ದನ್ನು ಬೈಯುತ್ತಿದ್ದರು. ಅಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ. ಒಬ್ಬ 'ಗೋಡೆಮೂಲೆ', ಇನ್ನೊಬ್ಬ 'ಹಳೇ ಪೆನ್ಸಿಲ್'. ಅಕ್ಕ ಸೇರುವಾಗ ಹೆಸರಿನ ಜಾಗದಲ್ಲಿ ಏನು ಬರೆಯುವುದೆಂದು ತೋಚದೆ ಸುತ್ತ ನೋಡಿದಳು, ಅಡುಗೆಮನೆ ಕಿಟಕಿಯ ಚಿಲಕ ಕಣ್ಣಿಗೆ ಬಿತ್ತು. ಅದನ್ನೇ ಬರೆದಳು. ಮೊದಲ ದಿನವೇ ಯಾರೋ 'ಚಿಲಕ ಸಾರ್' ಎಂದರು. ತಿದ್ದಲು ಸಂಕೋಚವಾಯಿತು, ಆಮೇಲೆ ಅದೇ ಅಭ್ಯಾಸವಾಯಿತು.

ಚಿಲಕ ಸಾರ್ ಕೇಳಿದ್ದು ಒಂದೇ. ಸ್ನಾನದ ಮನೆಯಂಥ ಚಿಕ್ಕ ಕೋಣೆಗೆ ಯಾರಾದರೂ ಒಳಕ್ಕೆ ತೆರೆಯುವ ಬಾಗಿಲು ಬರೆದರೆ ಸಾಫ್ಟ್‌ವೇರ್ ಎಚ್ಚರಿಸಬೇಕು. ಪ್ರತಿ ಸಲ ಹೊಸ ಆವೃತ್ತಿಯ ಮಾತು ಬಂದಾಗಲೂ ಅದನ್ನೇ ಕೇಳಿದಳು. ಕೆಲವರು ಹೌದೆಂದರು, ಕೆಲವರು ನಕ್ಕರು. ತಯಾರಕರು 'ಸಲಹೆ ಗಮನದಲ್ಲಿದೆ' ಎಂಬ ಒಂದು ಸಾಲು ಬರೆದು ಸುಮ್ಮನಾದರು.

ಹೀಗಿರುವಾಗ ಒಂದು ಬೆಳಿಗ್ಗೆ ಕಚೇರಿಯ ಕಂಪ್ಯೂಟರುಗಳಿಗೆಲ್ಲ ಹೊಸ ಆವೃತ್ತಿ ಬಂತು. ಏನೇನು ಹೊಸತು ಎಂಬ ಪಟ್ಟಿಯನ್ನು ಅಕ್ಕ ಓದುತ್ತ ಹೋದಳು. ಮಧ್ಯದಲ್ಲೊಂದು ಕಡೆ ಅವಳ ಕಣ್ಣು ನಿಂತಿತು: 'ಚಿಕ್ಕ ಕೋಣೆಗಳ ಬಾಗಿಲುಗಳು ಇನ್ನು ಮುಂದೆ ಸುರಕ್ಷಿತ. ಸಲಹೆ: ನಮ್ಮ ಬಳಕೆದಾರ ಚಿಲಕ.'

ಅವಳು ಎದ್ದು ನೀರು ಕುಡಿದು ಬಂದು ಮತ್ತೆ ಓದಿದಳು. ಯಾರಿಗಾದರೂ ಹೇಳಬೇಕೆನಿಸಿತು, ಆದರೆ ಚಿಲಕ ಯಾರೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದ್ದಕ್ಕಿದ್ದಂತೆ ಹೇಳಿದರೆ ಜಂಬವೆನಿಸುತ್ತದೆ. ಅದೇ ಖುಷಿಯಲ್ಲಿ ಅಂದಿನ ಕೆಲಸ ಮುಗಿಸಿದಳು. ಮೇಡಂ ಕಟ್ಟಿಸುತ್ತಿದ್ದ ವ್ಯಾಯಾಮ ಚಿಕಿತ್ಸಾಲಯದ ನಕ್ಷೆ ಅದು. ಮೂಳೆ ಮುರಿದವರು, ನರ ಸೋತವರು ಮತ್ತೆ ನಡೆಯುವುದನ್ನು ಕಲಿಯುವ ಜಾಗ. ನಕ್ಷೆ ತೆರೆದಾಗ ಸಾಫ್ಟ್‌ವೇರ್ ಏನನ್ನೋ ಕೇಳಿತು, ಅವಳು ಸರಿ ಎಂದು ಒತ್ತಿದಳು. ಮೇಲಿನ ಮಹಡಿಯ ಅಳತೆಗಳನ್ನು ತುಂಬಿ, ಹಾಳೆಗಳನ್ನು ಅಚ್ಚು ಹಾಕಿ ಕಟ್ಟಡದ ಜಾಗಕ್ಕೆ ಕಳಿಸಿದಳು.

ಮನೆಯಲ್ಲಿ ವಿಷಯ ಕೇಳಿ ಗಂಡ ಅಂಗಡಿಯ ಎಣ್ಣೆಗೈಯಲ್ಲೇ ಅವಳ ಬೆನ್ನು ತಟ್ಟಿದ. ಅತ್ತೆ ಕುರ್ಚಿಯಿಂದಲೇ ಕೇಳಿದರು, "ಬಿದ್ದೋಳು ನಾನು, ಹೆಸರು ನಿಂದಾ?"

"ಹೆಸರೂ ನಂದಲ್ಲ ಅತ್ತೆ, ಚಿಲಕದ್ದು."

"ಹಾಗಾದ್ರೆ ಸರಿ" ಎಂದು ಅತ್ತೆ ನಕ್ಕರು. ಆ ಸಂಜೆ ಅವರ ಮನೆಯಲ್ಲಿ ಎಲ್ಲರೂ ಹಗುರವಾಗಿದ್ದರು.

ಮರುದಿನ ಕಚೇರಿಗೆ ಹೋದವಳು ಮೊದಲು ವೇದಿಕೆಯನ್ನು ತೆರೆದಳು. ಅಭಿನಂದನೆ ಇರಬಹುದೆಂಬ ಆಸೆ. ಒಂದೆರಡು ಇದ್ದವು ಕೂಡ. ಅವುಗಳ ಕೆಳಗೆ ಗೋಡೆಮೂಲೆ ಬರೆದಿದ್ದ: "ಹಳೇ ಶಾಲೆಯ ನಕ್ಷೆ ತೆಗೆದೆ. ಪೊರಕೆ ಇಡೋ ಗೂಡಿಂದ ಹಿಡಿದು ಚಿಕ್ಕ ಕೋಣೆ ಬಾಗಿಲೆಲ್ಲಾ ಹೊರಗಡೆಗೆ ತಿರುಗಿಬಿಟ್ಟಿವೆ. ನಾನು ಮುಟ್ಟೇ ಇಲ್ಲ. ಬೇರೆ ಯಾರಿಗಾದ್ರೂ ಹೀಗಾಗಿದ್ಯಾ?"

ಆಗಿತ್ತು. ಒಬ್ಬರಾದ ಮೇಲೆ ಒಬ್ಬರು ಬರೆಯುತ್ತಲೇ ಹೋಗಿದ್ದರು. ಸಾಫ್ಟ್‌ವೇರ್ ಎಚ್ಚರಿಸುತ್ತಿರಲಿಲ್ಲ, ತಾನೇ ತಿರುಗಿಸುತ್ತಿತ್ತು. ಸ್ನಾನದ ಮನೆ ಯಾವುದು, ಉಗ್ರಾಣ ಯಾವುದು ಎಂದು ನೋಡುತ್ತಿರಲಿಲ್ಲ. ಕೋಣೆ ಚಿಕ್ಕದಿದ್ದರೆ ಸಾಕು. ಒಬ್ಬರ ನಕ್ಷೆಯಲ್ಲಿ ಎದುರುಬದುರಿನ ಬಾಗಿಲುಗಳು ಒಂದಕ್ಕೊಂದು ಬಡಿಯುತ್ತಿದ್ದವು. ಇನ್ನೊಬ್ಬರದ್ದರಲ್ಲಿ ಬಾಗಿಲು ತೆರೆದರೆ ಬೆಂಕಿ ಆರಿಸುವ ಕೊಳವೆಯ ಪೆಟ್ಟಿಗೆ ಮುಚ್ಚಿಹೋಗುತ್ತಿತ್ತು. ಕೊನೆಗೆ ಹಳೇ ಪೆನ್ಸಿಲ್: "ಯಾರ್ರೀ ಈ ಚಿಲಕ? ಈ ಮಹಾನುಭಾವ ಜನ್ಮದಲ್ಲಿ ಒಂದು ಕಟ್ಟಡದೊಳಗೆ ಕಾಲಿಟ್ಟಿದ್ದಾನಾ?"

ಅಕ್ಕನ ಕಿವಿ ಬಿಸಿಯಾಯಿತು. ಬೈಗುಳ ನೋವೆನಿಸಿತು, ಆದರೆ ಅದು ಒಂದು ಗಳಿಗೆ ಮಾತ್ರ. ಮರುಗಳಿಗೆಗೆ ಚಿಕಿತ್ಸಾಲಯದ ನಕ್ಷೆ ನೆನಪಾಯಿತು. ತಾನು ಸರಿ ಎಂದು ಒತ್ತಿದ್ದು ಏನನ್ನು?

ನಕ್ಷೆ ತೆರೆದಳು. ಮೇಲಿನ ಮಹಡಿಯಲ್ಲಿ ಒಬ್ಬೊಬ್ಬರೇ ಕೂತು ವ್ಯಾಯಾಮ ಮಾಡುವ ಚಿಕ್ಕ ಕೋಣೆಗಳ ಸಾಲಿತ್ತು. ಅಷ್ಟೂ ಬಾಗಿಲುಗಳ ಕಾಲುವೃತ್ತ ಹೊರಗಿತ್ತು. ಅದರಲ್ಲಿ ಎರಡು ಬಾಗಿಲು ಮೆಟ್ಟಿಲು ಮುಗಿಯುವಲ್ಲೇ ಇದ್ದವು. ಕೋಲೂರಿಕೊಂಡು ಒಬ್ಬರು ಕೊನೆಯ ಮೆಟ್ಟಿಲು ಹತ್ತುತ್ತಾರೆ, ಒಳಗಿನವರು ಅದೇ ಹೊತ್ತಿಗೆ ಬಾಗಿಲು ತಳ್ಳುತ್ತಾರೆ. ಅವಳು ಅಲ್ಲಿಗೇ ಯೋಚನೆ ನಿಲ್ಲಿಸಿದಳು.

ಮೇಡಂಗೆ ಫೋನ್ ಮಾಡಿದಳು. ಅವರು ಬೇರೆ ಊರಿಗೆ ಹೋಗುವ ವಿಮಾನದಲ್ಲಿದ್ದರು, ಫೋನ್ ಆರಿಸಿದ್ದರು. ಕಟ್ಟಡದ ಜಾಗದಲ್ಲಿದ್ದ ಬಡಗಿಗೆ ಮಾಡಿದಳು. ಗಂಟೆ ಬಡಿದು ಬಡಿದು ನಿಂತುಹೋಯಿತು. ಇನ್ನೊಮ್ಮೆ ಮಾಡಿದಳು. ಗರಗಸದ ಸದ್ದಿನಲ್ಲಿ ಅವನಿಗೆಲ್ಲಿ ಕೇಳಬೇಕು! ಚೀಲ ಎತ್ತಿಕೊಂಡು, ಲೆಕ್ಕ ಬರೆಯುವವನಿಗೆ "ಒಂದು ಕೆಲಸ ಇದೆ, ಬಂದೆ" ಎಂದಷ್ಟೇ ಹೇಳಿ ಬಸ್ಸು ಹಿಡಿದಳು.

ಬಸ್ಸು ಆ ದಿನ ಎಲ್ಲ ಸಿಗ್ನಲ್ಲಿಗೂ ನಿಂತಿತು. ಅವಳು ಕಿಟಕಿಯ ಸರಳು ಹಿಡಿದುಕೊಂಡೇ ಕೂತಿದ್ದಳು. ಫೋನ್ ನೋಡಬಾರದು ಎಂದುಕೊಂಡಳು, ನೋಡಿದಳು. ವೇದಿಕೆಯಲ್ಲಿ ಮಾತು ಬೆಳೆಯುತ್ತಲೇ ಇತ್ತು. ಯಾರೋ 'ಚಿಲಕಕ್ಕೆ ಚಿಲಕ ಹಾಕಿ' ಎಂದಿದ್ದರು, ಅದಕ್ಕೆ ಹತ್ತಾರು ಜನ ನಕ್ಕಿದ್ದರು. ಇನ್ನೊಬ್ಬರು, ನಕ್ಷೆ ಹಾಗೆಯೇ ಕಾರ್ಖಾನೆಗೆ ಹೋಗಿ ಬಾಗಿಲುಗಳು ತಯಾರಾಗಿಬಿಟ್ಟಿವೆ ಎಂದು ಬರೆದಿದ್ದರು. ಅಕ್ಕ ಫೋನನ್ನು ಮಡಿಲಲ್ಲಿ ಬೋರಲಾಗಿಟ್ಟು ಹಣೆಯನ್ನು ಸರಳಿಗೆ ಒತ್ತಿಕೊಂಡಳು. ಪಕ್ಕದಲ್ಲಿ ಕೂತಿದ್ದ ಹೆಂಗಸು "ಹುಷಾರಿಲ್ವಾ?" ಎಂದು ಕೇಳಿ ನೀರಿನ ಬಾಟಲಿ ಚಾಚಿದಳು. ಅಕ್ಕ ತಲೆಯಾಡಿಸಿದಳು. ಬೇಡ ಎಂದೋ, ಹುಷಾರಿಲ್ಲ ಎಂದೋ ಅವಳಿಗೇ ತಿಳಿಯಲಿಲ್ಲ.

ಕಟ್ಟಡಕ್ಕಿನ್ನೂ ಗಾರೆ ಬಳಿದಿರಲಿಲ್ಲ. ಮೆಟ್ಟಿಲಿಗೆ ಕಟಕಟೆ ಇರಲಿಲ್ಲ. ಗೋಡೆ ಹಿಡಿದುಕೊಂಡು ಮೇಲೆ ಹೋದರೆ, ಬಾಗಿಲಿನ ಚೌಕಟ್ಟುಗಳು ಬಹುತೇಕ ಗೋಡೆಗೆ ಒರಗಿ ನಿಂತಿದ್ದವು. ಮೆಟ್ಟಿಲ ತಲೆಯಲ್ಲಿದ್ದ ಎರಡು ಮಾತ್ರ ಆಗಲೇ ಸಿಮೆಂಟಿನಲ್ಲಿ ಕೂತಿದ್ದವು. ಬಡಗಿ ಮಟ್ಟಗೋಲು ಹಿಡಿದು ತೃಪ್ತಿಯಿಂದ ನೋಡುತ್ತಿದ್ದ.

"ಮೇಸ್ತ್ರಿ, ಇದು ತಪ್ಪು. ಬಾಗಿಲು ಒಳಗಡೆಗೆ ಬರಬೇಕು."

ಬಡಗಿ ತಿರುಗಿ ನೋಡಿದ. "ಏನಮ್ಮಾ ತಪ್ಪು? ನಿಮ್ಮ ಹಾಳೆ ನೋಡಿಯೇ ಕೂರಿಸಿದ್ದು. ನೋಡಿ, ಬಾಗಿಲು ಕೂರೋ ತಗ್ಗು ಈ ಕಡೆಗೇ ತಾನೇ ಬರೆದಿರೋದು?"

"ಹಾಳೆಯೇ ತಪ್ಪು."

"ಹೋದ ಸಲ ಕಿಟಕಿ ವಿಷಯದಲ್ಲಿ ನನ್ನ ಬುದ್ಧಿ ಉಪಯೋಗಿಸಿದೆ ಅಂತ ನಿಮ್ಮ ಮೇಡಮ್ಮು ಎಲ್ಲರ ಮುಂದೆ ನನ್ನ ನೀರಿಳಿಸಿದ್ರು. ಹಾಳೆಯಲ್ಲಿ ಇದ್ದಿದ್ದು ಮಾಡು ಅಂದ್ರು. ಈಗ ಹಾಳೆಯಲ್ಲಿ ಇದ್ದಿದ್ದು ಮಾಡಿದ್ದಕ್ಕೂ ತಪ್ಪು ಅಂದ್ರೆ ನಾನೇನು ಮಾಡ್ಲಿ? ಬರೆದು ಕೊಡ್ಲಿ ಅವರು, ಕಿತ್ತಾಕ್ತೀನಿ. ಅಲ್ಲೀವರೆಗೂ ಮುಟ್ಟೋದಿಲ್ಲ."

ಅಕ್ಕ ಜಗಳವಾಡುವವಳಲ್ಲ. ಸುತ್ತ ನೋಡಿ ಒಂದು ಪ್ಲೈವುಡ್ ಹಲಗೆಯನ್ನು ತೋರಿಸಿದಳು. "ಅದನ್ನ ಎತ್ಕೊಂಡು ಒಳಗೆ ನಿಂತ್ಕೊಳ್ಳಿ. ಅದೇ ಬಾಗಿಲು ಅಂದ್ಕೊಳ್ಳಿ. ನಾನು ಕೆಳಗಿಂದ ಹತ್ತಿ ಬರ್ತೀನಿ. ನೀವು ಹೊರಗೆ ಬರೋ ಹಾಗೆ ತಳ್ಳಿ."

ಬಡಗಿ ಗೊಣಗುತ್ತಲೇ ಹಲಗೆ ಎತ್ತಿದ. ಅಕ್ಕ ಕೆಲವು ಮೆಟ್ಟಿಲು ಇಳಿದು, ತನ್ನ ಅತ್ತೆ ಹತ್ತುವ ಹಾಗೆ ಒಂದೊಂದೇ ಕಾಲಿಟ್ಟು ಹತ್ತಿದಳು. ಕೊನೆಯ ಮೆಟ್ಟಿಲಿಗೆ ಕಾಲು ಊರಿದ ಕ್ಷಣಕ್ಕೆ ಸರಿಯಾಗಿ ಹಲಗೆ ಬಂದು ಭುಜಕ್ಕೆ ತಗುಲಿತು. ಮೆಲ್ಲಗೆಯೇ ತಳ್ಳಿದ್ದ. ಆದರೂ ಅವಳ ಹಿಂಗಾಲು ಮೆಟ್ಟಿಲ ಅಂಚಿನಿಂದ ಜಾರಿತು. ಕೈ ಗಾಳಿಯಲ್ಲಿ ತಡಕಾಡಿ, ಗಾರೆ ಕೆಲಸಕ್ಕೆ ನಿಲ್ಲಿಸಿದ್ದ ಕಂಬವೊಂದು ಸಿಕ್ಕಿತು. ಅದನ್ನು ಅಪ್ಪಿಕೊಂಡು ನಿಂತಳು. ಚೀಲ ಮಾತ್ರ ಉರುಳುತ್ತ ಕೆಳಗಿನವರೆಗೂ ಹೋಯಿತು.

ಬಡಗಿ ಹಲಗೆ ಬಿಸಾಡಿ ಓಡಿಬಂದ. ಅವನ ಮುಖ ಬಿಳಿಚಿಕೊಂಡಿತ್ತು. "ಏನಮ್ಮಾ ನೀವು! ಜೀವ ತೆಗೆದುಬಿಡ್ತಿದ್ರಲ್ಲ" ಎಂದು ರೇಗಿದ. ಕೆಳಗಿಳಿದು ಅವಳ ಚೀಲ ತಂದುಕೊಟ್ಟ. ಆಮೇಲೆ ಉಳಿ ಸುತ್ತಿಗೆ ತೆಗೆದುಕೊಂಡು, ಕೂತಿದ್ದ ಚೌಕಟ್ಟಿನ ಸುತ್ತ ಸಿಮೆಂಟು ಒಡೆಯತೊಡಗಿದ. ಅದಾಗಲೇ ಗಟ್ಟಿಯಾಗುತ್ತ ಬಂದಿತ್ತು. ಗೋಡೆಯ ಅಂಚಿನ ಇಟ್ಟಿಗೆಗಳೂ ಅದರ ಜೊತೆ ಕಿತ್ತು ಬಂದವು.

ಸುತ್ತಿಗೆಯ ಸದ್ದಿನ ನಡುವೆಯೇ ಮೇಡಂ ಫೋನ್ ಮಾಡಿದರು. ಅಕ್ಕ ನಡೆದದ್ದನ್ನೆಲ್ಲ ಹೇಳಿದಳು.

"ಕಳಿಸೋ ಮುಂಚೆ ನೀನು ನೋಡ್ಲಿಲ್ವಾ?"

"ನೋಡ್ಲಿಲ್ಲ ಮೇಡಂ."

"ನೀನು ನೋಡಲ್ಲ ಅಂತ ನಾನು ಯಾವತ್ತೂ ಅಂದ್ಕೊಂಡಿರಲಿಲ್ಲ" ಎಂದರು. ಆಮೇಲೆ, "ಹೋಗಲಿ. ಬಾಗಿಲು ತಾನೇ ತಿರುಗೋದಂತೆ! ಯಾವ ದಡ್ಡ ಕೇಳಿದ್ದನಂತೆ ಇದನ್ನ?"

ಹೇಳಬೇಕಿದ್ದದ್ದು ಅಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. "ಗೊತ್ತಿಲ್ಲ ಮೇಡಂ" ಎಂದಳು.

ಅಲ್ಲಿಂದ ಮುಂದಿನ ದಿನಗಳು ಅವಳಿಗೆ ನರಕ. ನಕ್ಷೆ ನೋಡದೆ ಕಳಿಸಿದ್ದು ದೊಡ್ಡ ತಪ್ಪು, ಅದನ್ನು ಒಪ್ಪಿಕೊಂಡಾಗಿತ್ತು. ಆದರೆ ಅದಕ್ಕಿಂತ ಆ 'ಗೊತ್ತಿಲ್ಲ' ಅವಳನ್ನು ಕೊರೆಯಿತು. ಮೇಡಂ ತಮ್ಮ ಕೋಣೆಯಿಂದ "ಅಕ್ಕ, ಬಾ ಇಲ್ಲಿ" ಎಂದರೆ ಸಾಕು, ಗೊತ್ತಾಗಿಹೋಯಿತು ಎಂದೇ ಎದ್ದು ಹೋಗುತ್ತಿದ್ದಳು. ಅವರು ಕೇಳುತ್ತಿದ್ದದ್ದು ಬೇರೆ ಏನೋ. ಬರೆದ ನಕ್ಷೆಯನ್ನು ನೋಡಿ, ಮತ್ತೆ ನೋಡಿ, ಕಳಿಸಿದ ಮೇಲೂ ತೆರೆದು ನೋಡುತ್ತಿದ್ದಳು. ಗೋಡೆಯ ಗೆರೆಗಳು ಕಣ್ಣೆದುರಿಗೇ ಅಲುಗಾಡಿದಂತೆ ಕಾಣುತ್ತಿತ್ತು. ಬೇರೆಯವರ ಕಟ್ಟಡಗಳಲ್ಲಿ ಯಾರೂ ಗಮನಿಸದೆ ಉಳಿದ ಬಾಗಿಲುಗಳು ಎಷ್ಟಿರಬಹುದು? ಅದಕ್ಕೆ ಉತ್ತರ ಎಲ್ಲೂ ಸಿಗುವಂತಿರಲಿಲ್ಲ.

ವೇದಿಕೆಯಲ್ಲಿ ತಯಾರಕರು ಕ್ಷಮೆ ಕೇಳಿ, ಬಳಕೆದಾರರೊಡನೆ ನೇರವಾಗಿ ಮಾತಾಡುವುದಾಗಿ ಹೇಳಿದರು. ಎಲ್ಲರೂ ತಮ್ಮ ತಮ್ಮ ಜಾಗದಿಂದಲೇ ಪರದೆಯ ಮೇಲೆ ಸೇರುವ ಸಭೆ. ಸೌಲಭ್ಯವನ್ನು ಪೂರ್ತಿ ಕಿತ್ತುಹಾಕಬೇಕೋ ಬೇಡವೋ ಎಂಬುದು ವಿಷಯ. ಕಿತ್ತುಹಾಕಿ ಎನ್ನುವವರೇ ಹೆಚ್ಚಾಗಿದ್ದರು. 'ಚಿಲಕ ಅವರೂ ಬಂದರೆ ಒಳ್ಳೆಯದು' ಎಂದು ಕೊನೆಯಲ್ಲೊಂದು ಸಾಲು.

"ಆ ಹೆಸರನ್ನೇ ಅಳಿಸಿಹಾಕಿಬಿಡು" ಎಂದ ಗಂಡ. "ಚಿಲಕ ಯಾರು ಅಂತ ದೇವರಿಗೂ ಗೊತ್ತಿಲ್ಲ. ಅಲ್ಲಿಗೆ ಮುಗೀತು."

"ಅಲ್ಲಿ ಅಳಿಸಿದ್ರೆ ಇವಳ ಹೊಟ್ಟೆಯೊಳಗಿಂದೂ ಅಳಿಸಿಹೋಗುತ್ತೇನೋ?" ಅತ್ತೆ ಕೇಳಿದರು. "ಮೂರು ದಿನದಿಂದ ನೋಡ್ತಿದ್ದೀನಿ, ಅನ್ನೋದು ಒಂದು, ಮಾಡೋದು ಒಂದು. ನಿನ್ನೆ ಚಹಾಕ್ಕೆ ಉಪ್ಪು ಹಾಕಿದ್ಲು. ನಾನೂ ಕುಡಿದೆ ಅನ್ನು."

"ಹೇಳಬಾರದಾಗಿತ್ತಾ ಅತ್ತೆ?"

"ಹೇಳಿದ್ರೆ ಇನ್ನೊಂದು ಲೋಟ ಮಾಡ್ತಿದ್ದೆ, ಅದಕ್ಕೆ ಇನ್ನೇನು ಹಾಕ್ತಿದ್ದೆಯೋ." ಅತ್ತೆ ಕೋಲನ್ನು ಕುರ್ಚಿಗೆ ಒರಗಿಸಿದರು. ಮಗನ ಕಡೆ ನೋಡದೆಯೇ ಹೇಳಿದರು, "ಅವತ್ತು ಇವನು ಬಾಗಿಲು ತಳ್ಳಿದ್ದು ನನ್ನ ಬದುಕಿಸೋಕೆ. ನೋವಾಯ್ತು, ಕೂಗಿದೆ, ಅದು ಬೇರೆ ಮಾತು. ಅದಕ್ಕೆ ಇವನು ಇವತ್ತಿಗೂ ನನ್ನ ಮುಖ ನೇರವಾಗಿ ನೋಡಲ್ಲ. ಮನೆಯಲ್ಲಿ ಅಂಥೋರು ಒಬ್ಬರು ಸಾಕು ಕಣೇ."

ಆ ಮಾತನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಆಡಿರಲಿಲ್ಲ. ಗಂಡ ಕೈಯಲ್ಲಿದ್ದ ತಿರುಪುಳಿಯನ್ನು ತಿರುಗಿಸುತ್ತ ಕೂತಿದ್ದ. ಆಮೇಲೆ ಎದ್ದು ಹೋಗಿ ತಾಯಿಯ ಕಾಲ ಬಳಿ ಜಾರಿಬಿದ್ದಿದ್ದ ಶಾಲನ್ನು ಎತ್ತಿ ಹೊದಿಸಿದ. ಅಕ್ಕನಿಗೆ ಸಮಾಧಾನವೇನೂ ಆಗಲಿಲ್ಲ. ಆದರೆ ಹೆಸರು ಅಳಿಸುವ ಯೋಚನೆ ಬಿಟ್ಟಳು.

ಸಭೆಯ ದಿನ ಮೇಡಂ ಕಚೇರಿಯವರನ್ನೆಲ್ಲ ದೊಡ್ಡ ಮೇಜಿನ ಸುತ್ತ ಕೂರಿಸಿದರು. ಗೋಡೆಯ ಮೇಲಿನ ಪರದೆಯಲ್ಲಿ ಚೌಕ ಚೌಕವಾಗಿ ಮುಖಗಳು ಕಾಣಿಸಿದವು. ತಯಾರಕರ ಕಡೆಯಿಂದ ಬಂದಿದ್ದ ಹೆಣ್ಣುಮಗಳು ಕಣ್ಣಿನ ಕೆಳಗೆ ಕಪ್ಪು ಕಟ್ಟಿಕೊಂಡು ಕೂತಿದ್ದಳು, ಅವಳೂ ನಿದ್ದೆಗೆಟ್ಟಂತಿತ್ತು. ಒಬ್ಬೊಬ್ಬರಾಗಿ ತಮ್ಮ ತಮ್ಮ ಪಾಡು ಹೇಳಿಕೊಂಡರು. ಹಳೇ ಪೆನ್ಸಿಲ್ ಎಂದರೆ ಕನ್ನಡಕ ಹಣೆಗೇರಿಸಿದ ಒಬ್ಬರು ಮುದುಕರು. "ಯಂತ್ರ ನನ್ನ ಗೆರೆ ಮುಟ್ಟೋ ಹಾಗಿಲ್ಲ. ಇದನ್ನ ತೆಗೀರಿ, ಇನ್ಯಾವತ್ತೂ ತರಬೇಡಿ" ಎಂದರು. ಮೇಡಂ ಕೂಡ ಮಾತಾಡಿದರು. ತಮ್ಮ ಕಟ್ಟಡದಲ್ಲಿ ಕಿತ್ತ ಚೌಕಟ್ಟುಗಳ ವಿಷಯ ಹೇಳಿ, "ಇದನ್ನ ಕೇಳಿದವರಿಗೆ ಮೆಟ್ಟಿಲು ಅಂದ್ರೇನು ಅಂತ ಗೊತ್ತಿರಲಿಕ್ಕಿಲ್ಲ" ಎಂದರು.

ಎಲ್ಲರೂ 'ಆಗಲಿ, ತೆಗೆಯೋಣ' ಎನ್ನುವ ಹಂತಕ್ಕೆ ಬಂದಿದ್ದರು. ತಯಾರಕರ ಹೆಣ್ಣುಮಗಳು "ಚಿಲಕ ಅವರು ಬಂದಿಲ್ಲ ಅನ್ಸುತ್ತೆ" ಎಂದು ಮುಂದಿನ ಮಾತಿಗೆ ಹೊರಟಳು.

"ಬಂದಿದ್ದೀನಿ" ಎಂದಳು ಅಕ್ಕ. ಧ್ವನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ಬಂದಿದ್ದೀನಿ. ನಾನೇ ಚಿಲಕ."

ಮೇಜಿನ ಸುತ್ತ ಕುರ್ಚಿಗಳು ಕಿರ್ರೆಂದವು. ಮೇಡಂ ಅವಳ ಕಡೆ ತಿರುಗಿದ್ದು ಅವಳಿಗೆ ಗೊತ್ತಾಯಿತು, ಆದರೆ ಆ ಕಡೆ ನೋಡಲಿಲ್ಲ. ಪರದೆಯನ್ನೇ ನೋಡುತ್ತ ಮಾತಾಡಿದಳು. ಮೊದಲೇ ಯೋಚಿಸಿಟ್ಟಿದ್ದ ಮಾತೆಲ್ಲ ಮರೆತುಹೋಗಿ, ಬಂದದ್ದು ಬೇರೆಯೇ.

"ಮೇಡಂ ಈಗ ಹೇಳಿದ ನಕ್ಷೆ ಬರೆದವಳೂ ನಾನೇ. ನೋಡದೆ ಕಳಿಸಿದೆ. ಮೆಟ್ಟಿಲು ಅಂದ್ರೇನು ಅಂತ ನನಗೆ ಗೊತ್ತಿದೆ, ಅದಕ್ಕೇ ನಾಚಿಕೆ ಆಗ್ತಿದೆ. ಆದರೆ ನಾನು ಕೇಳಿದ್ದು ಇದಲ್ಲ. ತಿರುಗಿಸಿ ಅಂತ ಕೇಳಲಿಲ್ಲ. ಹೇಳಿ ಅಂತ ಕೇಳಿದ್ದೆ. ಇಲ್ಲಿ ಒಬ್ಬರು ಬಿದ್ದರೆ ಬಾಗಿಲು ತೆರೆಯೋಕಾಗಲ್ಲ ನೋಡಿ, ಅಂತ ಒಂದು ಮಾತು. ಆಮೇಲೆ ತಿರುಗಿಸೋದು ಬಿಡೋದು ಬರೆಯೋರಿಗೆ ಬಿಟ್ಟಿದ್ದು." ಉಸಿರು ತೆಗೆದುಕೊಂಡಳು. "ನಮ್ಮನೇಲಿ ಬಾಗಿಲ ಈ ಕಡೆ ಮಗ ನಿಂತಿದ್ದ, ಆ ಕಡೆ ತಾಯಿ ಬಿದ್ದಿದ್ರು. ಅವನು ತಳ್ತಾ ಇದ್ದ. ನಾನು ನೋಡ್ತಾ ನಿಂತಿದ್ದೆ. ಅದನ್ನ ಇನ್ನೊಬ್ಬರ ಮನೇಲಿ ನೋಡೋದು ಬೇಡ ಅಂತ ಕೇಳಿದ್ದು. ಅಷ್ಟೇ."

ಒಂದು ಗಳಿಗೆ ಪರದೆಯ ಮೇಲಿನ ಮುಖಗಳೆಲ್ಲ ಸ್ತಬ್ಧವಾಗಿದ್ದವು. ಸಂಪರ್ಕ ಕಡಿದುಹೋಯಿತೇನೋ ಎಂದು ಅವಳಿಗೆ ಹೊಸ ಭಯ ಹುಟ್ಟಿತು.

"ಚಿಲಕ ಅಂದ್ರೆ ಗಂಡಸು ಅಂದ್ಕೊಂಡಿದ್ದೆ" ಎಂದರು ಹಳೇ ಪೆನ್ಸಿಲ್. ಆಮೇಲೆ ಕನ್ನಡಕ ಇಳಿಸಿ ಮೂಗಿನ ಮೇಲಿಟ್ಟುಕೊಂಡು, "ಹೇಳೋದಾದ್ರೆ ಹೇಳಲಿ. ಆದರೆ ಎಲ್ಲದಕ್ಕೂ ಬಡಬಡ ಅಂದ್ರೆ ನಾನು ಬಾಯಿ ಮುಚ್ಚಿಸ್ತೀನಿ. ಅದಕ್ಕೊಂದು ಗುಂಡಿ ಇರಬೇಕು" ಎಂದರು. ಕೆಲವರು ನಕ್ಕರು, ಕೆಲವರು ಒಪ್ಪಲಿಲ್ಲ. ಎಂಜಿನಿಯರೊಬ್ಬ, ಆಗಿರುವ ನಷ್ಟಕ್ಕೆ ಯಾರು ಹೊಣೆ ಎಂದು ತಯಾರಕರ ಮೇಲೆ ಎಗರಾಡಿದ. ಸಭೆ ಹೀಗೆಯೇ ಎಳೆದಾಡಿಕೊಂಡು ಮುಗಿಯಿತು.

ಪರದೆ ಆರಿದ ಮೇಲೆ ಮೇಡಂ ಉಳಿದವರನ್ನೆಲ್ಲ ಕಳಿಸಿದರು. "ಅವತ್ತು ಫೋನಿನಲ್ಲಿ ಕೇಳಿದಾಗ ಗೊತ್ತಿಲ್ಲ ಅಂದೆ."

"ಹೌದು ಮೇಡಂ. ಹೆದರಿಕೆ ಆಯ್ತು."

"ನನಗೆ ಬೇಜಾರಾಗಿರೋದು ಬಾಗಿಲಿಗಲ್ಲ, ಅದಕ್ಕೆ." ಅವರ ಧ್ವನಿ ಗಟ್ಟಿಯಾಗಿರಲಿಲ್ಲ, ಅದೇ ಅವಳಿಗೆ ಹೆಚ್ಚು ನಾಟಿತು. "ಚಿಕಿತ್ಸಾಲಯದ ನಕ್ಷೆ ಇನ್ನು ನಾನೇ ನೋಡ್ಕೋತೀನಿ. ನೀನು ಬೇರೆ ಕೆಲಸ ಮಾಡ್ತಿರು."

ಅವಳು ತಲೆ ಬಗ್ಗಿಸಿ ಹೊರಗೆ ಬಂದಳು. ಕೆಲಸ ಹೋಗಲಿಲ್ಲವೆಂಬುದು ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ತಲೆಗೆ ಹೊಳೆಯಿತು. ಅಳು ಬಂದದ್ದೂ ಆಗಲೇ.

ಮೇಡಂ ಬಹಳ ದಿನ ಅವಳ ಪ್ರತಿ ಹಾಳೆಯನ್ನೂ ತಾವೇ ನೋಡಿ ಸಹಿ ಹಾಕಿದರು. ಒಂದೇ ಒಂದು ಸಲ, ಅಂಗಡಿ ಸಾಲೊಂದರ ನಕ್ಷೆಯಲ್ಲಿ ತಪ್ಪು ಹಿಡಿದರು. ಅದು ಅವರೇ ಹೇಳಿದ ಅಳತೆಯಾಗಿತ್ತು. ಮೇಡಂ ಸಣ್ಣಗೆ ಕೆಮ್ಮಿ ತಿದ್ದಿಕೊಟ್ಟರು. ಚಳಿಗಾಲ ಮುಗಿಯುವ ಹೊತ್ತಿಗೆ ಮತ್ತೆ ನೋಡದೆ ಸಹಿ ಹಾಕುವುದು ಶುರುವಾಯಿತು, ಯಾವ ದಿನದಿಂದ ಎಂದು ಇಬ್ಬರೂ ಹೇಳಲಾರರು. ಚಿಕಿತ್ಸಾಲಯದ ಮೇಲಿನ ಮಹಡಿಯಲ್ಲಿ ಕಿತ್ತ ಇಟ್ಟಿಗೆಯ ಜಾಗಕ್ಕೆ ಗಾರೆ ಮೆತ್ತಿ ಬಣ್ಣ ಬಳಿದರು. ಕೈಯಿಂದ ಸವರಿದರೆ ಸ್ವಲ್ಪ ಉಬ್ಬು ಸಿಗುತ್ತದೆ. ಬಡಗಿ ಮಾತ್ರ ಅಂದಿನಿಂದ ಮೇಡಂಗೆ ಬಿಟ್ಟು ಅಕ್ಕನಿಗೇ ಫೋನ್ ಮಾಡುತ್ತಾನೆ, ತಕರಾರು ಮಾಡುವುದಕ್ಕೂ.

ತಯಾರಕರು ಆ ಸೌಲಭ್ಯವನ್ನು ಮೊದಲು ತೆಗೆದರು. ಎರಡು ಆವೃತ್ತಿ ಕಳೆದ ಮೇಲೆ ಅದು ಮತ್ತೆ ಬಂತು. ಈಗ ಬಾಗಿಲ ಪಕ್ಕ ಒಂದು ಹಳದಿ ಚುಕ್ಕೆ ಕಾಣಿಸುತ್ತದೆ, ಅದರ ಮೇಲೆ ಒತ್ತಿದರೆ ಒಂದು ವಾಕ್ಯ ಬರುತ್ತದೆ, ಬೇಡವೆಂದರೆ ಆರಿಸಲು ಗುಂಡಿಯಿದೆ. ಬಹಳ ಜನ ಆರಿಸಿಯೇ ಇಟ್ಟಿದ್ದಾರೆಂದು ವೇದಿಕೆಯಲ್ಲಿ ಮಾತು. ಪಟ್ಟಿಯಲ್ಲಿ ಈ ಸಲ ಚಿಲಕದ ಹೆಸರಿರಲಿಲ್ಲ. ಅದನ್ನು ಕಂಡು ಅಕ್ಕನಿಗೆ ಬೇಸರವಾಗಲಿಲ್ಲ, ಭುಜದ ಮೇಲಿಂದ ಯಾರೋ ಕೈ ತೆಗೆದಂತಾಯಿತು.

ಮೊನ್ನೆ ಅವಳು ವೇದಿಕೆಯಲ್ಲಿ ಹೊಸದೊಂದು ಕೋರಿಕೆ ಬರೆದಳು. ಮಕ್ಕಳಿರುವ ಕೋಣೆಯಲ್ಲಿ ಕಿಟಕಿಯ ಕೆಳಗಿನ ಗೋಡೆ ಗಿಡ್ಡವಾದರೆ ಒಂದು ಮಾತು ಹೇಳಬೇಕು, ಹೇಳಬೇಕಷ್ಟೇ, ಏನನ್ನೂ ತಾನಾಗಿ ಬದಲಿಸಬಾರದು ಎಂದು. ಕಳಿಸುವ ಮುಂಚೆ ಗಂಡನಿಗೆ ಓದಿ ಹೇಳಿದಳು. 'ಬದಲಿಸಬಾರದು' ಎಂಬುದು ನಾಲ್ಕು ಕಡೆ ಬಂದಿತ್ತು.

"ಒಂದು ಸಲ ಹೇಳಿದ್ರೆ ಸಾಲದಾ?" ಎಂದ ಗಂಡ.

"ಸಾಲಲ್ಲ ರೀ" ಎಂದಳು. ಐದನೆಯ ಸಲವೂ ಸೇರಿಸಿ, ಕಣ್ಣು ಮುಚ್ಚಿಕೊಂಡು ಕಳಿಸಿದಳು.